ಶಾಸ್ತ್ರಕ್ಕೆ ಒಂದು ಸಾಲು

ಬಂಡಳ್ಳಿಯ ಸದಾಶಿವಪ್ಪನವರ ಹೊಲದಲ್ಲಿ ಗೇಣು ಆಳವೂ ಇಲ್ಲದ ಒಂದು ನೇಗಿಲ ಸಾಲು ಕಳೆದ ವರ್ಷ ಕಂಡುಬಂತು. ಹೊಲದಲ್ಲಿ ಸಾಲಿರದೆ ಇನ್ನೇನಿರುತ್ತದೆ ಎಂದು ಕೇಳುವವರು ಸ್ವಲ್ಪ ತಾಳಬೇಕು. ವಿಷಯ ಗಂಭೀರವಾದದ್ದು. ಅದನ್ನು ನೋಡಿದ ಮೂವರು ವಿಜ್ಞಾನಿಗಳು ಕೈಯಲ್ಲಿದ್ದ ಟೀ ಕುಡಿಯುವುದನ್ನೇ ಮರೆತರು.

ಅದಕ್ಕೆ ಎಂಟು ವರ್ಷ ಮೊದಲು ಕೃಷಿ ಸಂಶೋಧಕಿ ಪವಿತ್ರ ಈ ಹೊಲವನ್ನು ಮೂರು ಪಟ್ಟಿ ಮಾಡಿದ್ದರು. ಮೊದಲನೆಯದಕ್ಕೆ ಟ್ರ್ಯಾಕ್ಟರಿನ ಆಳದ ಉಳುಮೆ. ಎರಡನೆಯದಕ್ಕೆ ಎತ್ತಿನ ನೇಗಿಲು. ಮೂರನೆಯದಕ್ಕೆ ಏನೂ ಇಲ್ಲ. ಹಳೆಯ ಜೋಳದ ಕೂಳೆಯ ನಡುವೆಯೇ ಗುಳಿ ಮಾಡಿ ಬೀಜ ಊರುವುದು, ಅಷ್ಟೆ. ವರ್ಷಗಟ್ಟಲೆ ಉಳದೆ ಬಿಟ್ಟ ಮಣ್ಣು ಏನಾಗುತ್ತದೆ ಎಂಬುದು ಪ್ರಶ್ನೆ. ಏನೇ ಆದರೂ ಈ ಪಟ್ಟಿಯನ್ನು ಉಳಬಾರದು ಎಂದು ಪವಿತ್ರ ಕೇಳಿಕೊಂಡಿದ್ದರು. ಸದಾಶಿವಪ್ಪನವರು "ಆಯ್ತು ಕಣವ್ವ" ಎಂದಿದ್ದರು. ಊರು ಅದಕ್ಕೆ 'ಪವಿತ್ರಮ್ಮನ ಬೀಳು' ಎಂದು ಹೆಸರಿಟ್ಟಿತು.

ಪ್ರಯೋಗವನ್ನು ಮುಂದುವರಿಸಬೇಕೋ ಮುಚ್ಚಬೇಕೋ ಎಂದು ತೀರ್ಮಾನಿಸಲು ಕಳೆದ ವರ್ಷ ಮೂವರ ಸಮಿತಿ ಬಂತು. ಬಂದದ್ದು ಯುಗಾದಿಯ ಮಾರನೆಯ ದಿನ. ಪವಿತ್ರ ಪ್ರತಿ ಯುಗಾದಿಗೂ ತವರಿಗೆ ಹೋಗಿ, ನಾಲ್ಕು ಮಳೆ ಬಿದ್ದ ಮೇಲೆ ಬಿತ್ತನೆಗೆ ಬರುವವರು. ಅಷ್ಟರಲ್ಲಿ ಮಳೆ ಎಲ್ಲವನ್ನೂ ಸಮ ಮಾಡಿರುತ್ತಿತ್ತು. ಹಾಗಾಗಿ, ಮೂರನೇ ಪಟ್ಟಿಯ ನಟ್ಟನಡುವೆ, ತುದಿಯಲ್ಲಿ ಅರಿಶಿನ ಕುಂಕುಮ, ಬಾಡಿದ ಬೇವಿನ ಸೊಪ್ಪು ಇಟ್ಟುಕೊಂಡು ಮಲಗಿದ್ದ ಸಾಲನ್ನು ಅವರೂ ಸಮಿತಿಯ ಜೊತೆಗೇ ಮೊದಲ ಸಲ ನೋಡಿದರು.

"ಉತ್ತುಬಿಟ್ಟಿದ್ದೀರಲ್ಲ ಸದಾಶಿವಪ್ಪನೋರೆ!"

"ನಾವೆಲ್ಲವ್ವ ಉತ್ತಿದ್ದೀವಿ? ಅದು ಒನ್ನಾರು."

ಯುಗಾದಿಯ ಬೆಳಿಗ್ಗೆ ಎತ್ತಿಗೂ ನೇಗಿಲಿಗೂ ಪೂಜೆ ಮಾಡಿ ವರ್ಷದ ಮೊದಲ ಸಾಲು ಎಳೆಯುವುದೇ ಹೊನ್ನಾರು. ಸದಾಶಿವಪ್ಪನವರ ಪ್ರಕಾರ ಅದನ್ನು ಉಳುಮೆ ಎನ್ನುವುದು ಆರತಿಯನ್ನು ಅಡುಗೆ ಒಲೆ ಎಂದ ಹಾಗೆ.

ಸಮಿತಿಯ ಮುಖ್ಯಸ್ಥರು ಮಣ್ಣುಶಾಸ್ತ್ರದ ಪ್ರೊಫೆಸರ್ ಶಿವಕುಮಾರಸ್ವಾಮಿ. ಅವರು ಮಂಡಿಯೂರಿ ಸಾಲಿಗೆ ಸ್ಕೇಲ್ ಇಳಿಸಿದರು. "ಶಾಸ್ತ್ರದ ಪ್ರಕಾರ ಇದು ಉಳುಮೆಯೇ."

"ನಾನೂ ಶಾಸ್ತ್ರಕ್ಕೇ ಸಾ ಎಳ್ದಿದ್ದು."

"ಎಷ್ಟು ವರ್ಷದಿಂದ?"

ತಮ್ಮ ನಿಷ್ಠೆಯನ್ನೇ ಶಂಕಿಸುತ್ತಿದ್ದಾರೆ ಎಂದು ಸದಾಶಿವಪ್ಪನವರಿಗೆ ಅನಿಸಿರಬೇಕು. ಎದೆ ಸೆಟೆಸಿ ಹೇಳಿದರು: "ಒಂದು ವರ್ಸನೂ ತಪ್ಸಿಲ್ಲ ಸಾ. ಕೊರೋನಾದಲ್ಲೂವೆ ಬಾಯ್ಗೆ ಬಟ್ಟೆ ಕಟ್ಕಂಡು ಎಳ್ದಿವ್ನಿ."

"ಎತ್ಗೂ ಕಟ್ಟಿದ್ರಾ ಸೋಮಿ?" ಎಂದು ಬದುವಿನ ಮೇಲೆ ನಿಂತಿದ್ದ ಪಕ್ಕದ ಹೊಲದ ಮಾದಣ್ಣ ವಿಚಾರಿಸಿದ.

"ನೀನ್ ಸುಮ್ಕಿರ್ಲಾ. ನೀನೇ ಅಲ್ವಾ ಮೊದಲ್ನೇ ವರ್ಸ ಕೇಳಿದ್ದು, ಈ ಪಟ್ಟಿಗೇನು ಸೂತಕವಾ ಅಂತ?"

ಟೀ ಲೋಟ ಒಯ್ಯಲು ಬಂದಿದ್ದ ಸದಾಶಿವಪ್ಪನವರ ಹೆಂಡತಿ ಸುವರ್ಣಮ್ಮ ಪವಿತ್ರ ಅವರತ್ತ ತಿರುಗಿದರು. "ನೀನೇ ಏಳವ್ವ. ಮೂರು ಮಕ್ಕಳಲ್ಲಿ ಇಬ್ರಿಗೆ ಒಬ್ಬಟ್ಟು ಬಡ್ಸಿ, ಒಂದ್ಕೆ ಬರೀ ಎಲೆ ಹಾಕಿ ಕೂರ್ಸಕಾದದಾ?"

ಪವಿತ್ರ ಅವರಿಗೆ ಒಂದೇ ಆಸೆ ಉಳಿದಿತ್ತು. ಸಾಲು ಪ್ರತಿ ವರ್ಷ ಒಂದೇ ಜಾಗದಲ್ಲಿ ಬಿದ್ದಿದ್ದರೆ ಅಷ್ಟಗಲ ಬಿಟ್ಟು ಮಿಕ್ಕ ಪಟ್ಟಿಯನ್ನು ಲೆಕ್ಕಕ್ಕೆ ಹಿಡಿಯಬಹುದು. ಎಂಟು ವರ್ಷದ ದುಡಿಮೆ ಉಳಿಯುತ್ತದೆ. ಪ್ರೊಫೆಸರೂ ಅದಕ್ಕೆ ತಲೆಯಾಡಿಸಿದರು.

"ಯಜಮಾನ್ರೇ, ನೆನಪು ಮಾಡಿಕೊಂಡು ಹೇಳಿ. ಪ್ರತಿ ಸಲ ಇದೇ ಜಾಗದಲ್ಲೇ ಅಲ್ವಾ ಎಳೆದಿದ್ದು?" ಎಂದು ಪವಿತ್ರ ಕೇಳಿದರು.

ಸದಾಶಿವಪ್ಪನವರು ನೊಂದುಕೊಂಡರು. "ಎಲ್ಲಾದ್ರೂ ಉಂಟಾ? ಅಯ್ನೋರು ಪಂಚಾಂಗ ನೋಡಿ ಯಾವ ದಿಕ್ಕು ಅಂತಾರೋ ಆ ದಿಕ್ಕು. ಓದೊರ್ಸ ಆ ಮೂಲೆ, ಅದ್ರಿಂದಿನ್ ವರ್ಸ ಅಡ್ಡಡ್ಡ. ಪಟ್ಟಿ ಪೂರ್ತಿ ಆಗೋಗದೆ ಕಣವ್ವ, ನಿನ್ಗೇನೂ ಮೋಸ ಮಾಡಿಲ್ಲ."

ಸಮಿತಿ ಜೀಪಿನ ನೆರಳಿನಲ್ಲಿ ಸಭೆ ಸೇರಿತು. ಪ್ರಯೋಗ ಮುಚ್ಚುವುದಿಲ್ಲ, ಆದರೆ ಮುಂದಿನ ಯುಗಾದಿಯಿಂದ ಹೊಸದಾಗಿ ಶುರುವಾಗಬೇಕು. ಮೂರನೇ ಪಟ್ಟಿಗೆ ಹೊನ್ನಾರು ಕೂಡದು ಎಂದಿತು. ಸದಾಶಿವಪ್ಪನವರು ಹಾಗಿದ್ದರೆ ಹೊಲವೇ ಕೂಡದು ಎಂದರು. ಮಾತು ಬೆಳೆದು, ಬಿಸಿಲು ಏರಿ, ಕೊನೆಗೆ ಎರಡೂ ಕಡೆಯವರು ಒಪ್ಪಿದ್ದು ಒಂದೇ: ಮೂರನೇ ಪಟ್ಟಿಯಲ್ಲಿ ನೇಗಿಲು ಹೋಗಬಹುದು, ನೆಲ ಮುಟ್ಟಬಾರದು.

ಈ ಯುಗಾದಿಗೆ ಪವಿತ್ರ ತವರಿಗೆ ಹೋಗಲಿಲ್ಲ. ಸದಾಶಿವಪ್ಪನವರು ಅರಿಶಿನ ಮೆತ್ತಿದ ನೇಗಿಲನ್ನು ಹೆಗಲ ಮೇಲೆ ಹೊತ್ತು ಮೂರನೇ ಪಟ್ಟಿಯನ್ನು ಈ ತುದಿಯಿಂದ ಆ ತುದಿಗೆ ದಾಟಿದರು. ಎತ್ತುಗಳು ಕೆಲಸವಿಲ್ಲದೆ ಹಿಂದೆ ನಡೆದವು.

"ಸೋಮ್ಯೋರು ನೇಗ್ಲುನ್ನ ವಾಕಿಂಗ್ ಕರ್ಕಂಡೊಂಟವ್ರೆ" ಎಂದ ಮಾದಣ್ಣ.

ಪವಿತ್ರ ಹಿಂದೆಯೇ ಬಗ್ಗಿ ನೋಡುತ್ತಾ ಹೋದರು. ಸಾಲು ಬಿದ್ದಿರಲಿಲ್ಲ. ಪ್ರಯೋಗ ಈಗ ಒಂದನೇ ವರ್ಷದಲ್ಲಿದೆ.