ಉಳಿದ ತುಂಡಿನ ಅಂಗಿ

ಅಪ್ಪ ಟೈಲರ್. ಅಳತೆ ತೆಗೆಯುವಾಗ ಅವನು ಹೇಳುವ ಅಂಕಿಗಳನ್ನು ಬರೆದುಕೊಳ್ಳುವುದು ನನ್ನ ಕೆಲಸ. ಡಿಗ್ರಿ ಮುಗಿಸಿದ ಮೇಲೂ ಗಿರಾಕಿಗಳ ಮುಖ ನೋಡಿ ಮಾತಾಡಲು ನನಗೆ ಬಾಯಿ ಬರುವುದಿಲ್ಲ. ಅಳತೆ ಪುಸ್ತಕದಲ್ಲಿ ತಲೆ ಹುದುಗಿಸಿ ಕೂರುವ ಈ ಕೆಲಸ ಒಗ್ಗಿದೆ.

ಹೋದ ವರ್ಷ ತಮ್ಮನ ಎದೆ ಮೂವತ್ತನಾಲ್ಕು ಇಂಚು. ಈಚೆಗೆ ನಲವತ್ತು ದಾಟಿದೆ. ಜಿಮ್ಮಿಗೆ ಹೋಗುತ್ತಾನೆ, ನಿಜ. ಆದರೆ ಅವನ ಬ್ಯಾಗಿನಲ್ಲಿ ಸಿರಿಂಜುಗಳನ್ನೂ ಸ್ಟಿರಾಯ್ಡ್ ಬಾಟಲಿಗಳನ್ನೂ ನಾನು ಕಂಡಿದ್ದೆ.

"ಅಕ್ಕಾ, ಅಪ್ಪಂಗೆ ಹೇಳ್ಬೇಡ. ಇದೊಂದು ಕೋರ್ಸ್ ಮುಗೀಲಿ, ಬಿಟ್ಬಿಡ್ತೀನಿ" ಎಂದಿದ್ದ.

ಅದು ಎರಡು ಕೋರ್ಸುಗಳ ಹಿಂದಿನ ಮಾತು. ಈಗೀಗ ಮೆಟ್ಟಿಲು ಹತ್ತಿದರೆ ಗೋಡೆ ಹಿಡಿದು ನಿಲ್ಲುತ್ತಾನೆ. ಅದನ್ನೂ ನನ್ನ ಡೈರಿಯಲ್ಲಿ ಬರೆದಿಟ್ಟೆ. ಬಾಯಿ ಬಿಡಲಿಲ್ಲ.

ಮೊನ್ನೆ ಮಧ್ಯಾಹ್ನ ಅಪ್ಪ ಅವನನ್ನು ಹೊಸ ಅಂಗಿಯ ಅಳತೆಗೆ ಕನ್ನಡಿಯ ಮುಂದೆ ನಿಲ್ಲಿಸಿದ.

"ಇವನಿಗೆ ಅಂಗಿ ಸಾಲಲ್ಲ ಯಜಮಾನ್ರೇ, ಗುಡಾರ ಹೊಲೀರಿ" ಎಂದ, ಅಂಗಡಿಯ ಮೂಲೆಯಲ್ಲಿ ಕಾಜಾ ಹೊಲಿದು ಗುಂಡಿ ಹಾಕುತ್ತ ಕೂತಿದ್ದ ಕಾಜಾ ಮಾಮ.

"ಮೊದ್ಲು ಬೇರೆಯವ್ರ ಬಟ್ಟೇಲಿ ಉಳಿದ ತುಂಡಲ್ಲೇ ಇವನ ಅಂಗಿ ಆಗ್ತಿತ್ತು" ಎಂದು ಅಪ್ಪ ನಕ್ಕ. ತಮ್ಮ ಚಿಕ್ಕವನಿದ್ದಾಗಿನಿಂದ ಗಿರಾಕಿಗಳ ಮುಂದೆಲ್ಲ ಹೇಳುತ್ತ ಬಂದ ಮಾತು. ಎಲ್ಲರೂ ನಗುತ್ತಿದ್ದರು. ತಮ್ಮನೂ.

ಟೇಪು ಎದೆ ಸುತ್ತಿತು. ಅಂಗಿ ಬಿಗಿಯಾಗದಿರಲೆಂದು ಅಪ್ಪ ಟೇಪಿನೊಳಗೆ ಎರಡು ಬೆರಳು ತೂರಿಸುತ್ತಾನೆ. ತೂರಿಸಿದ ಬೆರಳು ಅಲ್ಲೇ ನಿಂತವು.

"ಓಡಿ ಬಂದ್ಯೇನೋ?"

"ಇಲ್ಲ. ಇಲ್ಲೇ ಕೂತಿದ್ದೆ."

"ಮತ್ತೆ ಎದೆ ಯಾಕೆ ಹಿಂಗೆ ಹೊಡ್ಕೋತಿದೆ?"

ತಮ್ಮ ಕನ್ನಡಿಯಲ್ಲೇ ನನ್ನನ್ನು ನೋಡಿ, ಬೇಡ ಎಂದು ಕಣ್ಸನ್ನೆ ಮಾಡಿದ. ನಾನು ಪೆನ್ನು ಕೆಳಗಿಟ್ಟೆ.

"ಸ್ಟಿರಾಯ್ಡ್ ಇಂಜೆಕ್ಷನ್ ತಗೋತಿದಾನೆ ಅಪ್ಪ. ಏಳು ತಿಂಗಳಾಯ್ತು."

ಕಾಜಾ ಮಾಮನ ಕೈ ನಿಂತಿತು.

"ಯಾಕೋ? ನಿಂಗೇನು ಕಮ್ಮಿಯಾಗಿತ್ತು?" ಅಪ್ಪನ ದನಿ ಸಣ್ಣಗಾಗಿತ್ತು.

"ಈಗ್ಲೂ ಕನ್ನಡಿ ನೋಡಿದ್ರೆ ಆ ತುಂಡು ಬಟ್ಟೆ ಹುಡುಗನೇ ಕಾಣ್ತಾನೆ" ಎಂದ ತಮ್ಮ. "ಒಂದ್ಸಲನಾದ್ರೂ ನಂಗೆ ಅಂತ ನೀನು ಹೊಸ ಬಟ್ಟೆ ಥಾನು ಬಿಚ್ಚಿದ್ರೆ..."

"ತಮಾಷೆಗೆ ಅಂತಿದ್ದೆ ಕಣೋ."

ಏನು ಮಾಡಬೇಕೆಂದು ತಿಳಿಯದೆ ನಾನು, "ಎಷ್ಟು ಅಂತ ಬರ್ಕೊಳ್ಲಿ?" ಎಂದೆ.

"ಏನೂ ಬೇಡ." ಅಪ್ಪ ಟೇಪು ಸಡಿಲಿಸಿದ. "ಅಂಗಿ ಹಾಕ್ಕೊಳೋ, ಡಾಕ್ಟರ ಹತ್ರ ಹೋಗೋಣ."

ತಮ್ಮನ ಹಳೆಯ ಅಂಗಿಯ ಗುಂಡಿಗಳು ಕೂಡಲಿಲ್ಲ. ಹಾಗೆಯೇ ಹೊರಟ. ಅಪ್ಪನ ಕೊರಳಲ್ಲಿ ಟೇಪು ನೇತಾಡುತ್ತಲೇ ಇತ್ತು. ಬಾಗಿಲಲ್ಲಿ ತಮ್ಮ ನಿಂತ, ತಿರುಗಿ ನೋಡದೆ.

"ಅಕ್ಕಾ, ನೀನೂ ಬಾ. ಅಲ್ಲಿ ನಂಗೆ ಹೇಳಕ್ಕಾಗಲ್ಲ."

ಪುಸ್ತಕ ಮುಚ್ಚಿ ಎದ್ದೆ.