ನೋಟಿಸು ಅವಳ ಹೆಸರಿಗೆ

ಫ್ಯಾನಿನ ಗಾಳಿಗೆ ಆ ಕಾಗದದ ಅಂಚು ಏಳುತ್ತಿದೆ, ಬೀಳುತ್ತಿದೆ, ಸರ್ ಅದರ ಮೇಲೆ ಡಸ್ಟರ್ ಇಟ್ಟರು, ಚಾಕ್‌ಪುಡಿ ತಾಗೀತೆಂದು ತೆಗೆದು ತಮ್ಮ ಕನ್ನಡಕದ ಡಬ್ಬಿ ಇಟ್ಟರು, ಎಂಥ ಮರ್ಯಾದೆ ಒಂದು ಕಾಗದಕ್ಕೆ, ವಕೀಲರ ನೋಟಿಸು, ಮಾನನಷ್ಟದ್ದು, ಪಟಾಕಿಯ ಹೆಸರಿಗೆ ಬಂದದ್ದು — ಪಟಾಕಿ, ಎರಡು ವರ್ಷದಿಂದ ಹಾಸ್ಟೆಲಿನಲ್ಲಿ ನನ್ನ ಪಕ್ಕದ ಮಂಚದಲ್ಲಿ ಗೊರಕೆ ಹೊಡೆಯುವವಳು, ಈಗ ಮುಂದಿನ ಬೆಂಚಿನಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತಿದ್ದಾಳೆ, ಮದುವಣಗಿತ್ತಿಯ ಹಾಗೆ. ಇಡೀ ಕ್ಲಾಸಿನ ಕಣ್ಣು ಅವಳ ಜಡೆಯ ಮೇಲೆ. ಏನೇ ಪಟಾಕಿ, ಜೈಲಿಗೆ ಹೋದ್ರೆ ನಿನ್ನ ದಿಂಬು ನಂಗೆ ಕೊಡ್ತೀಯಾ ಅಂತ ಹಿಂದಿನಿಂದ ಯಾರೋ, ತಗೊಳ್ಳೇ, ತಿಗಣೆನೂ ಫ್ರೀ ಅಂತ ಅವಳು, ನಗು, ಸರ್ ಕೂಡ ನಕ್ಕರು, ನನಗೂ ಯಾರಾದರೂ ಒಂದು ನೋಟಿಸು ಕಳಿಸಬಾರದೇ, ಚಿಕ್ಕದಾದರೂ ಸರಿ.

ಹೋದದ್ದು ನಾವಿಬ್ಬರೂ. ಆಸ್ಪತ್ರೆಗಳ ಚಾದರ ಒಗೆಯುವ ಆ ಲಾಂಡ್ರಿಗೆ, ಹಬೆ, ಜಾರುವ ನೆಲ, ಮೂಗು ಸುಡುವ ವಾಸನೆ, ಬಾಯಿ ಅವಳದು, ಕೈ ನನ್ನದು, ಅವಳು ಕೇಳಿದಳು, ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಒಗೆಯುವ ಅಕ್ಕ ಬ್ಲೀಚಿಂಗ್ ನೀರಿಗೆ ಬೆಂದ ಅಂಗೈ ಚಾಚಿದಳು, ಗ್ಲೌಸು ಕೇಳಿದ್ರೆ ನಾಳೆಯಿಂದ ಬರಬೇಡ ಅಂತಾರಮ್ಮ, ಬರ್ಕೊಂಡ್ಯಾ, ಓದು ನೋಡೋಣ, ಹೂಂ, ನಾನು ಹೇಳಿದ್ದು ಹಂಗೇ ಇದೆ. ಸಹಿ ಬರಲ್ಲವೆಂದು ನನ್ನ ಸೋರುವ ಪೆನ್ನಿನ ಶಾಯಿಯನ್ನೇ ಬಳಿದುಕೊಂಡು ಪುಟದ ಕೆಳಗೆ ಹೆಬ್ಬೆಟ್ಟು ಒತ್ತಿದಳು, ನೀಲಿ, ಒದ್ದೆ, ನಡುವೆ ಚರ್ಮ ಸುಲಿದ ಕಡೆ ಒಂದು ಬೋಳು ಗೆರೆ. ಕಾಲೇಜಿನ ಪತ್ರಿಕೆಗೆ ಲೇಖನ ಕೊಡುವಾಗ ಪಟಾಕಿ ಇಬ್ಬರ ಹೆಸರನ್ನೂ ಬರೆದಿದ್ದಳು — ನಂದು ತೆಗಿಯೇ, ಅಪ್ಪ ಬೈತಾರೆ ಅಂದವಳು ನಾನು, ನಾನೇ, ಅವಳು ಎರಡು ಸಲ ಕೇಳಿದಳು, ಎರಡು ಸಲವೂ ನಾನೇ, ಈಗ ಲಾಂಡ್ರಿ ಮಾಲೀಕನ ನೋಟಿಸು ಅವಳೊಬ್ಬಳ ಹೆಸರಿಗೆ.

ಸತ್ಯ ಹೇಳಿದ್ದೀವಿ ಅಂದ್ರೆ ಸಾಲ್ದು, ಸರ್ ಹೇಳುತ್ತಿದ್ದಾರೆ, ಸತ್ಯ ಅಂತ ತೋರಿಸ್ಬೇಕು, ಅದು ಹೊರಗೆ ಬಂದದ್ದರಿಂದ ಜನಕ್ಕೆ ಒಳ್ಳೇದು ಅಂತಾನೂ ತೋರಿಸ್ಬೇಕು, ಮಾತಾಡೋ ಹಕ್ಕು ಇದೆ, ಆದ್ರೆ ಇನ್ನೊಬ್ಬರ ಮಾನನೂ ಇದೆಯಲ್ಲ. ಸಂಜೆ ಐದರೊಳಗೆ ಪುರಾವೆ, ಇಲ್ಲವಾದರೆ ಪತ್ರಿಕೆಯಲ್ಲಿ ಕ್ಷಮಾಪಣೆ. ಆ ನೋಟ್‌ಬುಕ್ ಎಲ್ಲೇ ಅಂತ ಪಟಾಕಿ ನಿನ್ನೆ ಕೇಳಿದ್ದಳು, ಸಿಗ್ತಿಲ್ಲ ಕಣೇ ಅಂದೆ, ಈಗ ಅದು ನನ್ನ ತೊಡೆಯ ಮೇಲಿನ ಬ್ಯಾಗಿನಲ್ಲಿದೆ, ಬೆಕ್ಕಿನ ಮರಿಯಷ್ಟು ಬಿಸಿ — ಕ್ಷಮೆ ಕೇಳಲಿ, ಆ ಜಡೆ ಒಂಚೂರು ತಗ್ಗಲಿ. ಅಜ್ಜಿಯ ಕಥೆಯಲ್ಲಿ ರಾಜ ಊರಿನ ಬಾಯಿಗೆಲ್ಲ ಬೀಗ ಹಾಕಿಸಿದ್ದ, ಅಕ್ಕತಂಗಿಯರಲ್ಲಿ ತಂಗಿಯೊಬ್ಬಳೇ ಬೀಗ ಕಿತ್ತು ಮಾತಾಡಿದಳು, ಅವಳಿಗೆ ಪಲ್ಲಕ್ಕಿ, ಅಕ್ಕ ಏನಾದಳಜ್ಜಿ, ಅಕ್ಕನಾ, ಬೀಗದಕೈ ಅವಳ ಸೆರಗಿನ ಗಂಟಲ್ಲೇ ಇತ್ತು ಮಗಾ, ಮಲಕ್ಕೋ ಈಗ. ನನಗೆ ನಿದ್ದೆ ಬಂದಿರಲಿಲ್ಲ.

ಕ್ಷಮಾಪಣೆ ಹೀಗಿರಬೇಕಂತೆ, ಸರ್ ಓದುತ್ತಾರೆ, ಆ ಹೆಂಗಸು ಅಂಥ ಮಾತನ್ನೇ ಆಡಿರಲಿಲ್ಲ. ಪಟಾಕಿಯ ಬೆನ್ನು ಬಾಗಿತು. ಆ ಅಕ್ಕನ್ನ ಸುಳ್ಳಿ ಮಾಡ್ಬೇಕಾ ಸರ್, ಅಂದಳು, ಹಿಂದೆ ತಿರುಗಿ ನನ್ನನ್ನು ನೋಡಿದಳು, ನೀನು ತಲೆ ಕೆಡಿಸ್ಕೋಬೇಡ ಕಣೇ, ಪುಸ್ತಕ ಕಳೆಯೋದು ಯಾರಿಗಿಲ್ಲ — ಇದರಲ್ಲೂ ಅವಳೇ ದೊಡ್ಡವಳಾದಳು, ಇದರಲ್ಲೂ! ಡೆಸ್ಕಿನ ಕೆಳಗೆ ನೋಟ್‌ಬುಕ್ ತೆಗೆದು ಆ ಪುಟ ಬಿಚ್ಚಿದೆ, ನೀಲಿಯ ಮೇಲೆ ನನ್ನ ಹೆಬ್ಬೆಟ್ಟಿಟ್ಟೆ, ಅಕ್ಕನದು ಅಗಲ, ಸುತ್ತಲೂ ಕಾಣುತ್ತಿದೆ, ಇನ್ನೂ ಒತ್ತಿದೆ, ಕಾಣುತ್ತಲೇ ಇದೆ, ಯಾರಮ್ಮಾ ಅದು ಎದ್ದಿದ್ದು ಅಂತ ಸರ್, ಎದ್ದದ್ದು ನಾನೇ, ಬಿಚ್ಚಿದ ನೋಟ್‌ಬುಕ್ ಕೈಯಲ್ಲೇ ಇದೆ, ಎಲ್ಲ ಮುಖಗಳೂ ಈಗ ನನ್ನ ಕಡೆ, ಕೊನೆಗೂ ನನ್ನ ಕಡೆ, ಒಂದೂ ಕಾಣುತ್ತಿಲ್ಲ, ನೀಲಿ, ನಡುವೆ ಆ ಬೋಳು ಗೆರೆ, ನೀಲಿ, ಬೋಳು ಗೆರೆ