ಗುಂಡಿಯಷ್ಟು ಮುಚ್ಚಳ

ಟಪ್ ಎಂದು ಮಣಿಕಟ್ಟಿನ ಮೇಲೆ ಒಂದು ಹನಿ, ತಣ್ಣಗೆ, ಇಪ್ಪತ್ತು ದಿನ ಬಿಸಿಲಲ್ಲಿ ನಿಂತ ಕಾರಿನ ನೆತ್ತಿಯಲ್ಲಿ ಇನ್ನೂ ನೀರು ಉಳಿದಿದೆಯಲ್ಲ, ನಾಲೆಯ ನೀರೇ, ವಾಸನೆಯೇ ಹೇಳುತ್ತದೆ — ಅವನು ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ, ಮತ್ತೊಮ್ಮೆ ಒರೆಸಿಕೊಂಡ, ಮೂಲೆಯ ಕೊಳವೆ ಕಟ್ಟಿಕೊಂಡಿರಬೇಕು, ಸನ್‌ರೂಫ್ ಇರುವ ಕಾರಿಗೆ ನಾಲ್ಕು ಮೂಲೆಗೆ ನಾಲ್ಕು ಕೊಳವೆ, ಮೇಲೆ ಬಿದ್ದ ನೀರು ಅದರೊಳಗಿಳಿದು ಚಕ್ರದ ಪಕ್ಕ ಹೊರಗೆ ಹೋಗಬೇಕು, ಕಟ್ಟಿಕೊಂಡರೆ ಗಾಳಿ ಊದಬಾರದು, ಊದಿದರೆ ಒಳಗೆಲ್ಲೋ ಜೋಡಣೆ ಬಿಟ್ಟು ಸೀಟಿನ ಮೇಲೆ ಮಳೆ, ತೆಳ್ಳನೆಯ ತಂತಿ ಹಾಕಿ ಮೆಲ್ಲಗೆ ತಿರುಗಿಸಬೇಕು, ಮೂವತ್ತು ವರ್ಷದಿಂದ ಎಷ್ಟು ಜನಕ್ಕೆ ಹೇಳಿಲ್ಲ, ಭಾವನಿಗೂ ಹೇಳಿದ್ದ, ತಂಗಿಯ ಗಂಡ ಎಂದು ಮುಲಾಜು ನೋಡದೆ ಬೈದೇ ಹೇಳಿದ್ದ, ಎರಡು ಬಾಗಿಲಿನ ಈ ಮುದಿ ಸ್ಪೋರ್ಟ್ಸ್ ಕಾರನ್ನು ತಂದು ಗ್ಯಾರೇಜಿನ ಮುಂದೆ ನಿಲ್ಲಿಸಿದ ದಿನ, ಈ ವಯಸ್ಸಲ್ಲಿ ಎರಡನೇ ಹೆಂಡತಿ ತಂದ್ಯಲ್ಲೋ ಎಂದಿದ್ದಕ್ಕೆ ಭಾವ ನಕ್ಕು, ಇವಳು ಬಾಯಿ ತೆರೆದ್ರೆ ಆಕಾಶ ಕಾಣುತ್ತೆ, ನಿನ್ನ ತಂಗಿ ತೆರೆದ್ರೆ ಬರೀ ಬೈಗುಳ, ಅಂದಿದ್ದ, ತಂಗಿಯೂ ನಕ್ಕಿದ್ದಳು, ಎಲ್ಲರಿಗಿಂತ ಜೋರಾಗಿ ನಕ್ಕವಳು ಅವಳೇ. ಆ ಭಾವ ಈಗಿಲ್ಲ, ತಿರುವಿನಲ್ಲಿ ಜಾರಿ ನಾಲೆಗೆ ಬಿದ್ದ ಈ ಕಾರಿನೊಳಗೇ ಹೋದ.

ಎಂಜಿನ್ ಬಿಟ್ಟು ತಲೆಗೆ ಯಾಕಪ್ಪ ಮೊದಲು ಕೈ ಹಾಕಿದೆ ಎಂದು ಪಕ್ಕದ ಪೇಂಟರ್ ಬೆಳಿಗ್ಗೆಯೇ ಕೇಳಿದ, ಕೇಳದೆ ಇರುತ್ತಾನೆಯೇ, ನೀರು ನಿಲ್ಲೋದು ಅಲ್ಲೇ ಅಲ್ವಾ ಎಂದು ಇವನು ಹಾರಿಸಿದ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗಾಯಿತು, ಆಮೇಲೆ ತಲೆ ಎತ್ತದೆ ನಾಲ್ಕು ತಿರುಪು ಬಿಚ್ಚಿ ಗಾಜನ್ನು ಮೇಲಕ್ಕೆತ್ತಿ ಹಳೇ ಕಂಬಳಿಯ ಮೇಲೆ ಮಲಗಿಸಿದ, ಗಾಜು ಜಾರುವ ಎರಡೂ ಹಳಿಯಲ್ಲಿ ಕೆಸರು, ಬಿಳಿ ಗ್ರೀಸಿನ ಗುರುತೇ ಇಲ್ಲ, ಈಗ ಮೇಲೆ ನಿಜವಾದ ಆಕಾಶ, ಬೋಳು ಬಿಸಿಲು, ಆ ಬಿಸಿಲಲ್ಲಿ ಒಳಗಿನ ಕನ್ನಡಿಯ ಹಿಂದೆ, ಛಾವಣಿಯ ಬಟ್ಟೆಯಲ್ಲಿ ಆ ತೂತು. ನೋಡಬಾರದು ಎಂದುಕೊಂಡೇ ನೋಡಿದ. ಗುಂಡಿಯಷ್ಟು ಕಪ್ಪು ಮುಚ್ಚಳ ಇರಬೇಕಾದ ಜಾಗ, ಛಾವಣಿ ಸರಿಸುವ ಮೋಟರ್ ಕೈಕೊಟ್ಟರೆ ಆ ಮುಚ್ಚಳ ಎಬ್ಬಿಸಿ ಬಾಗಿದ ಕೀಲಿ ತೂರಿಸಿ ತಿರುಗಿಸಿದರೆ ಛಾವಣಿ ಕೈಯಲ್ಲೇ ತೆರೆಯುತ್ತದೆ, ಕೀಲಿ ಇದ್ದರೆ. ಕೀಲಿ ಎರಡನೇ ಡ್ರಾಯರಿನಲ್ಲಿದೆ. ಇವನ ಡ್ರಾಯರಿನಲ್ಲಿ. ಹೋದ ಮಳೆಗಾಲದಲ್ಲಿ ಮೋಟರ್ ಬದಲಿಸಿದಾಗ ತೆಗೆದಿಟ್ಟದ್ದು, ಒಳ್ಳೆಯ ಉಕ್ಕು, ಬೇರೆ ನಾಲ್ಕು ಕಾರಿಗೂ ಹೊಂದಿತು, ಹಾಗೇ ಉಳಿಯಿತು, ಭಾವ ಒಂದು ಸಲ ಫೋನ್ ಮಾಡಿ ಕೇಳಿದ, ಆ ಕೀಲಿ ನಿನ್ನ ಹತ್ರ ಉಳೀತಾ, ಎಲ್ಲಿ ಹೋಗುತ್ತೆ, ಮುಂದಿನ ಸಲ ಬಂದಾಗ ತಗೊಂಡು ಹೋಗು ಎಂದ ಇವನು, ಹ್ಞೂಂ, ಹೊಸ ಮೋಟರ್ ಇದೆಯಲ್ಲ, ಅವಸರ ಇಲ್ಲ ಬಿಡು ಅಂದ, ಅವಸರ ಇಲ್ಲ ಅಂದವನು ಅವನೇ, ಅವನೇ ಅಂದದ್ದು — ಥೂ, ಸತ್ತವನ ಮೇಲೆ ಹಾಕುತ್ತೀಯಲ್ಲ ಮಾರಾಯ.

ಮುಚ್ಚಳ ಕಾರಿನಲ್ಲೇ ಬಿದ್ದಿದ್ದರೆ ಸಾಕು, ಅಷ್ಟೇ ಸಾಕು, ಕ್ರೇನು ಎತ್ತಿದಾಗ ಕುಲುಕಿ ಬಿತ್ತು ಅನ್ನಬಹುದು, ಅವನು ಸೀಟು ಬಿಚ್ಚಿದ, ಕಾಲಡಿಯ ಚಾಪೆ ಎತ್ತಿ ಕೆಸರನ್ನು ಬೆರಳಲ್ಲೇ ಅಕ್ಕಿ ಆರಿಸುವಂತೆ ಆರಿಸಿದ, ಒಂದು ಪೆನ್ನು, ಒಂದು ಬಾಚಣಿಗೆ, ಮುಚ್ಚಳ ಇಲ್ಲ, ಆ ಕೀಲಿ ಇರಬೇಕಿದ್ದ ಉಪಕರಣದ ಚೀಲ ಬಿಚ್ಚಿಕೊಂಡು ಬಿದ್ದಿದೆ, ಅದೂ ಕುಲುಕಿಯೇ, ತೂತಿನ ಸುತ್ತ ಬಟ್ಟೆ ಗೀಚಿದೆ, ನಾಲ್ಕು ಗೀರು, ಅದು ಕ್ರೇನಿನವರ ಕೈ ಇರಬಹುದು, ಇರಬಹುದಲ್ಲವೇ, ಡಾಕ್ಟರೇ ಹೇಳಿದ್ದಾರೆ, ತಲೆಗೆ ಪೆಟ್ಟು ಬಿದ್ದ ಕೂಡಲೇ ಪ್ರಜ್ಞೆ ಹೋಗಿರುತ್ತೆ, ನೀರು ಬಂದದ್ದೂ ಗೊತ್ತಾಗಿರಲಿಕ್ಕಿಲ್ಲ ಎಂದು, ಆ ಒಂದು ಮಾತು ಹಿಡಿದುಕೊಂಡೇ ತಂಗಿ ಬದುಕಿದ್ದಾಳೆ, ಬಂದವರಿಗೆಲ್ಲ ಅದನ್ನೇ ಹೇಳುತ್ತಾಳೆ, ಅವರಿಗೆ ಏನೂ ಗೊತ್ತಾಗ್ಲಿಲ್ಲವಂತೆ, ಎಷ್ಟು ಸಲ ಹೇಳಿದರೂ ಅದೇ ದನಿ, ಅದನ್ನು ಕಿತ್ತುಕೊಂಡರೆ ಅವಳಿಗೆ ಉಳಿಯುವುದೇನು, ಡ್ರಾಯರಿನ ಕೀಲಿಯ ವಿಷಯ ತಿಳಿದರೆ ಅಣ್ಣನೂ ಉಳಿಯುವುದಿಲ್ಲ. ಹೇಳುವುದಿಲ್ಲ. ಹೊಸ ಮುಚ್ಚಳ ಹಾಕಿ, ಬಟ್ಟೆ ಬದಲಿಸಿ, ಮುಗಿಸಿಬಿಡುವುದು — ಚಪ್ಪಲಿ ಸದ್ದು, ಅವಳದೇ, ಎಡಗಾಲು ಸ್ವಲ್ಪ ಎಳೆಯುತ್ತಾಳೆ, ಸಂಜೆ ಬರುತ್ತೇನೆ ಅಂದವಳು ಮಧ್ಯಾಹ್ನಕ್ಕೇ ಬಂದಳು, ಕೆಲಸ ಎಲ್ಲಿಗೆ ಬಂತಣ್ಣ ಎನ್ನುತ್ತ ಡ್ರಾಯರುಗಳಿಗೇ ಒರಗಿ ನಿಂತಳು, ಕೈಚೀಲದಿಂದ ಕರವಸ್ತ್ರದ ಗಂಟು ತೆಗೆದಳು, ಆಸ್ಪತ್ರೆಯವರು ಕೊಟ್ಟಿದ್ದು, ಕೋಟಿನ ಗುಂಡಿ ಅಂದ್ಕೊಂಡೆ, ಅವರ ಬಟ್ಟೆ ಎಲ್ಲಾ ತೆಗೆದು ನೋಡಿದೆ, ಯಾವುದಕ್ಕೂ ಹೊಂದ್ಲಿಲ್ಲ, ಮುಷ್ಟಿಯಲ್ಲಿ ಇತ್ತಂತೆ, ಬಿಡಿಸೋಕೆ ಕಷ್ಟ ಆಯ್ತಂತೆ, ಇದು ಕಾರಿನದ್ದಾ? ಅಂಗೈ ಬಿಚ್ಚಿದಳು. ಕಪ್ಪು, ದುಂಡಗೆ, ಗುಂಡಿಯಷ್ಟು.

ಇವನ ಕೈ ಎದ್ದು ಅದನ್ನು ತೆಗೆದುಕೊಂಡಿತು, ಮೂವತ್ತು ವರ್ಷದ ಕೈ, ಬಿಡಿಭಾಗ ಕಂಡರೆ ಅದರ ಜಾಗಕ್ಕೆ ಕೂರಿಸದೆ ಬಿಡದ ಹಾಳು ಕೈ, ಕಾರಿನೊಳಗೆ ಬಗ್ಗಿ ತೂತಿಗೆ ಇಟ್ಟು ಹೆಬ್ಬೆರಳಲ್ಲಿ ಒತ್ತಿತು, ಟಕ್. ಅವಳೂ ಪಕ್ಕದಲ್ಲೇ ಬಗ್ಗಿ ನೋಡಿದಳು, ಗಟ್ಟಿಯಾಗಿ ಕೂತಿತಾ, ತಾನಾಗೇ ಬೀಳಲ್ಲ ತಾನೇ, ಅಂದಳು, ಗಿರಾಕಿಗಳು ಕೇಳುವ ಹಾಗೆಯೇ, ಗಿರಾಕಿಗಳಿಗೆ ಹೇಳುವ ಹಾಗೆಯೇ ಇವನ ಬಾಯಿಂದ ಬಂದುಬಿಟ್ಟಿತು, ಎಷ್ಟು ಕುಲುಕಿದ್ರೂ ಬೀಳಲ್ಲ, ಉಗುರು ಹಾಕಿ ಎಬ್ಬಿಸಿದ್ರೆ ಮಾತ್ರ ಬರೋದು. ಅಂದ ಮೇಲೆ ಕೇಳಿಸಿತು ತಾನು ಅಂದದ್ದು. ತಂಗಿ ಬೆರಳು ಮೇಲಕ್ಕೆತ್ತಿದಳು, ಮೊದಲ ಗೀರಿನ ಮೇಲೆ ತನ್ನ ಉಗುರಿಟ್ಟಳು, ಆಮೇಲೆ ಎರಡನೆಯದರ ಮೇಲೆ, ಮೂರನೆಯದು, ನಾಲ್ಕು, ನಡುವೆ ಕಪ್ಪಗೆ, ದುಂಡಗೆ, ಗುಂಡಿಯಷ್ಟು ಮುಚ್ಚಳ, ಗಟ್ಟಿಯಾಗಿ ಕೂತಿದೆ, ಸುತ್ತ ನಾಲ್ಕು ಗೀರು, ನಾಲ್ಕು ಗೀರು